ದೀವವೆಂದರೆ ದೀಪವಲ್ಲ: ಕನ್ನಡ ನಾಡಿನ ಬೇಟೆಯ ಕಾಲಮಾನ ಕುರಿತು

ನಮ್ಮ ಹಳೆಯ ಕಾವ್ಯಗಳ ಬೇಟೆಯ ವರ್ಣನೆಗಳಲ್ಲಿ ಮತ್ತೆ ಮತ್ತೆ ಬರುವ ಮಾತು 'ದೀವದ ಮೃಗ'. ದೀವ, ದೀಹ, ದೀಮ ಎಂಬ ಮೂರು ರೂಪಗಳಲ್ಲೂ ಇದು ಕಾಣುತ್ತದೆ. ನನಗೆ ಹಳಗನ್ನಡ ಓದಲು ಕಲಿಸಿದ ಹಿರಿಯರೊಬ್ಬರು ಇದನ್ನು 'ದೀಪದ ಬೆಳಕಿನಲ್ಲಿ ಹಿಡಿಯುವ ಮೃಗ' ಎಂದು ಬಿಡಿಸುತ್ತಿದ್ದರು. ದೀಪಿಕೆ ದೀವಿಗೆಯಾದಂತೆ ದೀಪವೇ ದೀವವಾಗಿದೆ ಎಂಬುದು ಅವರ ಆಧಾರ. ಅವರ ಮೇಲಿನ ಗೌರವದಿಂದ ನಾನೂ ಬಹುಕಾಲ ಹಾಗೆಯೇ ಓದಿದೆ. ಆ ಓದು ತಪ್ಪು. ಒಂದು ಪದದ ಮಟ್ಟಿಗೆ ನಿಲ್ಲುವ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಬೇಟೆಯ ಕಾಲಮಾನದ ಚರಿತ್ರೆಯನ್ನೇ ಅದು ಅಳಿಸಿಹಾಕುತ್ತದೆ. ದೀಪದ ಬೇಟೆಗೆ ಕತ್ತಲಿದ್ದರೆ ಸಾಕು, ವರ್ಷದ ಯಾವ ಅಮಾವಾಸ್ಯೆಯಾದರೂ ನಡೆಯುತ್ತದೆ. ದೀವದ ಬೇಟೆ ಹಾಗಲ್ಲ, ಅದಕ್ಕೆ ಹೊತ್ತು ಬೇಕು, ತಿಂಗಳೂ ಬೇಕು.

ದೀವವೆಂದರೆ ಪಳಗಿಸಿದ ಪ್ರಾಣಿ ಅಥವಾ ಹಕ್ಕಿ. ತನ್ನ ಜಾತಿಯ ಕಾಡುಪ್ರಾಣಿಯನ್ನು ಸೆಳೆದು ತರುವುದಕ್ಕಾಗಿ ಬೇಡ ಮುಂದೆ ಬಿಡುವ ಜೀವ. ಈ ಅರ್ಥ ಕನ್ನಡದಲ್ಲಿ ಹುಟ್ಟಿದ್ದೂ ಅಲ್ಲ, ಯಾವುದೋ ಒಬ್ಬ ಕವಿಯ ಕಲ್ಪನೆಯೂ ಅಲ್ಲ. ಪಾಲಿಯಲ್ಲಿ 'ದೀಪಕತಿತ್ತಿರ' ಎಂದರೆ ಬೇಟೆಗೆಂದು ಸಾಕಿದ ಕವುಜುಗ. ತಿತ್ತಿರ ಜಾತಕದಲ್ಲಿ ಇಂಥದೊಂದು ಹಕ್ಕಿಯ ಕಥೆಯೇ ಇದೆ. ತಾನು ಕೂಗಿದರೆ ತನ್ನವರು ಬಂದು ಬಲೆಗೆ ಬೀಳುತ್ತಾರೆಂದು ಅದು ಬಾಯಿ ಮುಚ್ಚಿಕೊಂಡು ಕೂರುತ್ತದೆ. ಬೇಡ ಬಿದಿರ ಕೋಲಿನಿಂದ ಅದರ ತಲೆಗೆ ಹೊಡೆಯುತ್ತಾನೆ. ನೋವಿಗೆ ಅದು ಕೂಗುತ್ತದೆ, ಉಳಿದ ಕವುಜುಗಗಳು ಬರುತ್ತವೆ. ಈ ಪಾಪ ತನಗೆ ತಟ್ಟುತ್ತದೆಯೇ ಎಂದು ಹಕ್ಕಿ ತಪಸ್ವಿಯನ್ನು ಕೇಳುತ್ತದೆ. ಮನಸ್ಸಿನಲ್ಲಿ ಕೇಡಿಲ್ಲದಿದ್ದರೆ ಪಾಪವಿಲ್ಲ ಎಂಬ ಉತ್ತರ ಸಿಗುತ್ತದೆ. ಈ ಕಥೆಯಲ್ಲಿ ದೀಪ ಹಚ್ಚಲು ಜಾಗವೆಲ್ಲಿದೆ? 'ದೀಪಕ'ಕ್ಕೆ ಉದ್ದೀಪಿಸುವಂಥದು, ಕೆರಳಿಸುವಂಥದು ಎಂಬ ಅರ್ಥವೂ ಉಂಟು. ಧಾತು ಒಂದೇ ಆದ್ದರಿಂದ ದೀವಿಗೆಯ ನೆನಪಾಗುವುದು ಸಹಜವೆಂದು ಒಪ್ಪುತ್ತೇನೆ. ಆದರೆ ಧಾತು ಒಂದಾದ ಮಾತ್ರಕ್ಕೆ ಅರ್ಥವೂ ಒಂದೇ ಆಗಬೇಕಿಲ್ಲ. ಇಲ್ಲಿ ಹೊತ್ತಿಸುವುದು ಬತ್ತಿಯನ್ನಲ್ಲ, ಎದುರಿನ ಪ್ರಾಣಿಯ ಬೆದೆಯನ್ನೋ ಹಗೆಯನ್ನೋ.

ಇದು ಕೆಲಸ ಮಾಡುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಉತ್ತರ ಕರ್ನಾಟಕದವರು ಚಿಗರಿ ಎನ್ನುವ ಕೃಷ್ಣಮೃಗದ ಗಂಡು ಬೆದೆಗಾಲದಲ್ಲಿ ಬಯಲಿನ ಒಂದು ತುಂಡು ನೆಲವನ್ನು ತನ್ನದೆಂದು ಕಾಯುತ್ತದೆ. ಇನ್ನೊಂದು ಗಂಡು ಅಲ್ಲಿಗೆ ಕಾಲಿಟ್ಟರೆ ತಲೆ ತಗ್ಗಿಸಿ ಕೊಂಬಿಗೆ ಕೊಂಬು ಕೊಡುತ್ತದೆ. ಬೇಡ ಬಳಸಿಕೊಂಡದ್ದು ಈ ಸ್ವಭಾವವನ್ನೇ. ಸಾಕಿದ ಗಂಡಿನ ಕೊಂಬಿಗೆ ಬಲೆಯನ್ನೋ ಕುಣಿಕೆಯನ್ನೋ ಕಟ್ಟಿ ಬಿಟ್ಟರೆ, ಕಾದಾಟದಲ್ಲಿ ಕಾಡಿನದರ ಕೊಂಬು ಅದರಲ್ಲಿ ಸಿಕ್ಕಿಬೀಳುತ್ತದೆ. ಐನ್-ಇ-ಅಕ್ಬರಿಯಲ್ಲಿ ಈ ವಿಧಾನದ ವಿವರಣೆಯಿದೆ. ಕೃಷ್ಣಮೃಗ ವರ್ಷದ ಎಲ್ಲ ಕಾಲದಲ್ಲೂ ಮರಿ ಹಾಕಬಲ್ಲದು ನಿಜ. ಆದರೂ ಬೆದೆ ಏರುವುದು ಮುಖ್ಯವಾಗಿ ಎರಡು ಸಲ, ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಒಮ್ಮೆ, ಮಳೆಗಾಲದ ಕೊನೆಯಲ್ಲಿ ಇನ್ನೊಮ್ಮೆ. ಉಳಿದ ದಿನಗಳಲ್ಲಿ ದೀವದ ಮೃಗವನ್ನು ಬಿಟ್ಟರೆ ಕಾಡಿನ ಗಂಡು ಅಷ್ಟು ಕೆರಳುವುದಿಲ್ಲ. ಹೀಗೆ ಉಪಕರಣದ ಹೆಸರಿನಲ್ಲೇ ಕಾಲವೂ ಅಡಗಿದೆ. ಪಂಚಾಂಗದಲ್ಲಿ ಬೇಟೆಯ ತಿಂಗಳನ್ನು ಹುಡುಕಿ ಸಿಗಲಿಲ್ಲವೆಂದು ಕೈಚೆಲ್ಲಿದವರು ಈ ಪದದೊಳಗೆ ನೋಡಬೇಕಿತ್ತು.

ಎರಡನೆಯ ಗೊಂದಲ ನಾನಿರುವ, ಠಾಣೆ ಕಡೆಯ ಈ ಮಹಾಪೆಯ ಸುತ್ತಿನದು. ಇಲ್ಲಿಂದ ಉಲ್ಲಾಸನದಿಯ ದಂಡೆಯ ಕಲ್ಯಾಣಕ್ಕೆ ದೂರ ಹೆಚ್ಚಿಲ್ಲ. ಮಾನಸೋಲ್ಲಾಸ ಬರೆದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) ಕಲ್ಯಾಣ ಇದೇ ಎಂದು ತಿಳಿದು, ಅವನ ಬೇಟೆಯ ಅಧ್ಯಾಯವನ್ನು ಸಹ್ಯಾದ್ರಿಯ ಈ ಮಗ್ಗುಲಿನ ಕಾಡುಗಳಿಗೆ ಹಚ್ಚುವ ಉತ್ಸಾಹಿಗಳಿದ್ದಾರೆ. ಊರಿನ ಮೇಲಿನ ಅವರ ಪ್ರೀತಿ ನನಗೂ ಇದೆ. ಆದರೆ ಚಾಲುಕ್ಯರ ಕಲ್ಯಾಣ ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣ. ಆ ಕಾಲಕ್ಕೆ ಠಾಣೆಯ ಕಡೆ ಇದ್ದವರು ಉತ್ತರ ಕೊಂಕಣದ ಶಿಲಾಹಾರರು. ಶಾಸನಗಳನ್ನು ಬದಿಗಿಟ್ಟರೂ ಪ್ರಾಣಿಯೇ ಸಾಕ್ಷಿ ಹೇಳುತ್ತದೆ. ಆ ಅಧ್ಯಾಯದಲ್ಲಿ ಬರುವ, ಸಾಕಿದ ಜಿಂಕೆಯನ್ನು ಮುಂದಿಟ್ಟು ಕಾಡಿನದನ್ನು ಸೆಳೆಯುವ ಬೇಟೆಗೆ ಒಣ ಬಯಲು ಬೇಕು, ದೂರದವರೆಗೆ ಕಣ್ಣು ಹಾಯಬೇಕು. ಖಾಡಿಯ ಕೆಸರಲ್ಲೂ ಘಟ್ಟದ ದಟ್ಟ ಮರಗಳ ನಡುವೆಯೂ ಕೃಷ್ಣಮೃಗ ನೆಲೆಸುವುದಿಲ್ಲ. ಬೀದರಿನ ಹೊಲಗಳಲ್ಲಿ ಇಂದಿಗೂ ಅವು ಇವೆ.

ಎಲ್ಲ ಬೇಟೆಯನ್ನೂ ಬೆದೆಗಾಲಕ್ಕೆ ಕಟ್ಟಿಹಾಕುತ್ತಿದ್ದೇನೆಂದು ಯಾರೂ ತಿಳಿಯಬಾರದು. ಹಂದಿಯ ಲೆಕ್ಕ ಬೇರೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ (ಕ್ರಿ.ಶ. 949–50) ಕಾಳಿ ಎಂಬ ಬೇಟೆನಾಯಿಯನ್ನು ನೆನೆಯುತ್ತದೆ. ಗಂಗರ ಅರಸ ಬೂತುಗನಿಂದ ಅವನ ಯೋಧ ಮಣಲೆರ ಕೇಳಿ ಪಡೆದ ನಾಯಿ ಅದು, ಹಂದಿಯೊಡನೆ ಕಾದಿ ಎರಡೂ ಸತ್ತವು. ಹಂದಿಯನ್ನು ನಾಯಿ ಮೂಗಿನಿಂದ ಹುಡುಕುತ್ತದೆ, ಬೆದೆಯ ಆಸರೆ ಅದಕ್ಕೆ ಬೇಕಿಲ್ಲ. ಹಂದಿಬೇಟೆಯ ಕಾಲವನ್ನು ಗೊತ್ತುಮಾಡಿದ್ದು ಬೇಸಾಯ. ಕೊಡಗಿನ ಕೈಲ್‌ಪೊಳ್ದ್ ಹಬ್ಬ ಇದಕ್ಕೆ ಒಳ್ಳೆಯ ನಿದರ್ಶನ. ನಾಟಿಯ ಕೆಲಸದ ದಿನಗಳಲ್ಲಿ ಕೋವಿ ಕತ್ತಿಗಳು ಮನೆಯ ದೇವರಕೋಣೆಯಾದ ಕನ್ನಿಕೊಂಬರೆಯಲ್ಲಿ ಇರುತ್ತವೆ. ಸೆಪ್ಟೆಂಬರ್ ಮೊದಲಲ್ಲಿ ಅವನ್ನು ಹೊರತೆಗೆದು, ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸಿ, ಮತ್ತೆ ಕೈಗೆ ತೆಗೆದುಕೊಳ್ಳುತ್ತಾರೆ. ಬೆಳೆದು ನಿಲ್ಲುವ ಪೈರನ್ನು ಹಂದಿಗಳಿಂದ ಕಾಯಬೇಕಾದ ದಿನಗಳು ಅಲ್ಲಿಂದ ಶುರು. ತುಳುನಾಡಿನ ಕೆಡ್ಡಸ ಹಬ್ಬದಲ್ಲಿ ಭೂಮಿತಾಯಿಗೆ ವಿಶ್ರಾಂತಿ, ಮಣ್ಣು ಅಗೆಯುವಂತಿಲ್ಲ. ಆದರೂ ಅದೇ ದಿನಗಳಲ್ಲಿ ಊರವರು ಕೂಡಿ ಬೇಟೆಗೆ ಹೋಗುವ ರೂಢಿಯಿತ್ತು.

ಈಗ ನನ್ನ ನಿಲುವನ್ನು ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ತಕರಾರು ಎರಡು ಬಣಗಳೊಡನೆ. ಬೇಟೆಗೆ ಕಾಲವೆಂಬ ಕಲ್ಪನೆಯೇ ನಮಗಿರಲಿಲ್ಲ, ಅದನ್ನು ಬ್ರಿಟಿಷರ ಕಾಯ್ದೆ ತಂದಿತು ಎನ್ನುವವರು ಒಂದು ಕಡೆ. ಅವರಿಗೆ ದೀವದ ಮೃಗ, ಕೈಲ್‌ಪೊಳ್ದ್, ಕೆಡ್ಡಸ ಈ ಮೂರೇ ಉತ್ತರ. ನಮ್ಮ ಹಿರಿಯರು ಮರಿ ಹಾಕುವ ಕಾಲದಲ್ಲಿ ಪ್ರಾಣಿಗಳನ್ನು ಬಿಟ್ಟುಬಿಡುತ್ತಿದ್ದರೆಂದು ಹೆಮ್ಮೆ ಪಡುವವರು ಇನ್ನೊಂದು ಕಡೆ. ಇವರ ಬಗ್ಗೆ ನನಗೆ ಹೆಚ್ಚು ಅಸಹನೆ, ಏಕೆಂದರೆ ಇವರ ಮಾತು ಕಿವಿಗೆ ಹಿತ. ದೀವದ ಬೇಟೆಯ ಸಾಕ್ಷ್ಯ ನೇರವಾಗಿ ಅವರಿಗೆ ವಿರುದ್ಧವಾಗಿದೆ: ಪ್ರಾಣಿ ಬೆದೆಗೆ ಬಂದ ಹೊತ್ತೇ ಬೇಡನಿಗೆ ಸುಗ್ಗಿ. ಕಾಡಿನಲ್ಲಿ ದಯೆ ತೋರಿದ ಬೇಡರು ಇರಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಈ ಪದ ದಯೆಯ ಪುರಾವೆಯಾಗಲಾರದು.

ಮೃಗಪಕ್ಷಿಗಳ ಸಂತಾನದ ಕಾಲವನ್ನು ನೋಡಿ ಬೇಟೆಗೆ ಬಾಗಿಲು ಹಾಕುವ ಕ್ರಮ ಬೇರೆ, ಅದು ಹೊಸದು. ಬ್ರಿಟಿಷರ 1887ರ ಕಾಯ್ದೆ ಮರಿಮಾಡುವ ಕಾಲದಲ್ಲಿ ಕೊಂದ ಕಾಡುಹಕ್ಕಿಗಳ ಮಾರಾಟಕ್ಕೆ ಪಟ್ಟಣಗಳಲ್ಲಿ ತಡೆ ಹಾಕಿತು. 1912ರ ಕಾಯ್ದೆ ಹಕ್ಕಿಗಳ ಜೊತೆಗೆ ಜಿಂಕೆ, ಮೊಲ, ಕಾಟಿಗಳನ್ನೂ ಸೇರಿಸಿ, ನಿಷೇಧದ ಕಾಲವನ್ನು ಗೊತ್ತುಪಡಿಸುವ ಅಧಿಕಾರವನ್ನು ಪ್ರಾಂತ ಸರ್ಕಾರಗಳಿಗೆ ಕೊಟ್ಟಿತು. ಈ ಮಹಾಪೆಯೂ ಸೇರಿದ್ದ ಮುಂಬಯಿ ರಾಜ್ಯ 1951ರಲ್ಲಿ ತನ್ನದೇ ಕಾಯ್ದೆ ಮಾಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ರೂಪದಲ್ಲೂ ಪರವಾನಗಿಗಳಿದ್ದವು, ನಿಷೇಧ ಕಾಲವೂ ಇತ್ತು. 1991ರ ತಿದ್ದುಪಡಿ ಪರವಾನಗಿಯ ಬೇಟೆಯನ್ನೇ ತೆಗೆದುಹಾಕಿತು. ಬೇಟೆಯೇ ಇಲ್ಲದ ಮೇಲೆ ನಿಷೇಧ ಕಾಲಕ್ಕೆ ಕೆಲಸವಿಲ್ಲ, ಆ ಕಲಮೂ ಹೋಯಿತು.

ಹಾಗಾಗಿ ನಮ್ಮ ನಾಡಿನಲ್ಲಿ ಬೇಟೆಗೆ ಕಾಲವಿತ್ತು. ಜಿಂಕೆಗೆ ಅದನ್ನು ಬೆದೆ ಗೊತ್ತುಮಾಡಿತು, ಹಂದಿಗೆ ಪೈರು. ಬೇಟೆಯನ್ನು ತಡೆಯುವ ಕಾಲವನ್ನು ಕೊಟ್ಟದ್ದು ಮಾತ್ರ ಕಾಯ್ದೆ. ಕಾವ್ಯಗಳನ್ನು ಸಂಪಾದಿಸುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಮುದ್ರಣದಲ್ಲಿ 'ದೀವ'ದ ಎದುರು 'ದೀಪ' ಎಂದಿದ್ದರೆ ದಯವಿಟ್ಟು ತಿದ್ದಿ.