ಪದ ಪರಿಚಯ: ಅನುದಾನ

ಕೊಡು ಎಂಬರ್ಥದ ‘ದಾ’ ಧಾತುವಿನಿಂದ ‘ದಾನ’. ‘ಅನುಸರಿಸಿ’ ಎನ್ನುವ ‘ಅನು’ ಸೇರಿ ‘ಅನುದಾನ’. ಸಂಸ್ಕೃತ ಮೂಲದ ಈ ಪದ ಇಂದು ಆಡಳಿತದ ಮಾತು: ಗೊತ್ತಾದ ಉದ್ದೇಶಕ್ಕೆ, ಷರತ್ತಿನೊಡನೆ ಸರ್ಕಾರ ಕೊಡುವ, ಮರಳಿಸಬೇಕಿಲ್ಲದ ಹಣ.

ಶಾಲೆ, ಪಂಚಾಯಿತಿ, ಸಂಶೋಧನಾ ಕೇಂದ್ರಗಳಿಗೆ ಬರುವುದು ಅನುದಾನ. ಆದರೆ ಕಾರವಾರ, ಅಂಕೋಲಾದ ಮೀನುಗಾರರಿಗೆ ಸರ್ಕಾರದಿಂದ ಸಿಗುವ ನೆರವನ್ನು ‘ಸಹಾಯಧನ’ ಎನ್ನುವುದೇ ರೂಢಿ. 2020ರ ಮತ್ಸ್ಯ ಸಂಪದ ಯೋಜನೆಯಲ್ಲಿ ಅದು ಘಟಕವೆಚ್ಚದ ಶೇ. 40; ಮಹಿಳೆಯರಿಗೆ, ಪರಿಶಿಷ್ಟರಿಗೆ ಶೇ. 60.

ಯುರೋಪಿನ ‘ಯೂರೋಸ್ಟಾರ್ಸ್’ ಯೋಜನೆ ಬೇರೆಬೇರೆ ದೇಶಗಳ ಸಣ್ಣ ಉದ್ದಿಮೆಗಳು ಕೂಡಿ ನಡೆಸುವ ಸಂಶೋಧನೆಗೆ 2008ರಿಂದ ಅನುದಾನ ಒದಗಿಸುತ್ತಿದೆ. ಅಂಥ ಸಂಶೋಧನೆಗೆ ನಮ್ಮಲ್ಲೂ ನೆಲೆಯಿದೆ: ಕಾರವಾರದಲ್ಲಿ ಕಡಲ ಮೀನುಗಾರಿಕೆ ಸಂಶೋಧನಾ ಕೇಂದ್ರವಿದೆ, ಪಂಜರ ಮೀನುಕೃಷಿಯ ಅನುಭವವಿದೆ. ಅಂಕೋಲಾದ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಇಲ್ಲಿನ ಸಣ್ಣ ಉದ್ದಿಮೆಗಳಿಗೂ ಅಂಥ ಅನುದಾನ ಬೇಕು.