ಉಸಿರು ಕೊಟ್ಟಿದ್ದು, ಕಣ್ಣು ಕಸಿದಿದ್ದು

ಈ ಕಡೆ ತಲೆ ಹಾಕಿ ನಾಲ್ಕು ತಿಂಗಳಾಯ್ತು. "ಏನಪ್ಪಾ, ಅಂಗಡಿ ಮುಚ್ಚಿಬಿಟ್ಯಾ?" ಅಂತ ಒಂದಿಬ್ಬರು ಗೆಳೆಯರು ಮೇಲ್ ಹಾಕಿ ಕೇಳಿದ್ರು. ಮುಚ್ಚಿಲ್ಲ ಮಾರಾಯ್ರೆ. ಅಕ್ಕನಿಗೆ ಮಗು ಆಯ್ತು, ಆಗಬೇಕಾದ್ದಕ್ಕಿಂತ ಹತ್ತು ವಾರ ಮೊದಲೇ. ಹುಟ್ಟಿದಾಗ 1,300 ಗ್ರಾಂ. ಒಂದೂವರೆ ಕೇಜಿ ಸಕ್ಕರೆ ಪೊಟ್ಟಣಕ್ಕಿಂತ ಕಡಿಮೆ ತೂಕದ ನನ್ನ ಸೊಸೆ ಐದು ವಾರ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಳು. ನಾನು ಆಫೀಸಿನಿಂದ ನೇರ ಅಲ್ಲಿಗೆ ಹೋಗಿ, ಕೈ ತೊಳೆದು, ಪೆಟ್ಟಿಗೆ ಪಕ್ಕ ನಿಂತು ಮಾನಿಟರ್ ನೋಡ್ತಾ ಇದ್ದೆ. ದಿನವಿಡೀ ಸರ್ವರ್ ಮಾನಿಟರ್ ನೋಡುವವನಿಗೆ ಇನ್ನೇನು ತಾನೇ ಗೊತ್ತಾಗತ್ತೆ!

ಆ ಮಾನಿಟರಿನಲ್ಲಿ ಒಂದು ನೀಲಿ ಅಂಕಿ ಇರತ್ತೆ. ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅನ್ನೋದು. 88ಕ್ಕೆ ಇಳಿದರೆ ಅದು ಕೂಗಿಕೊಳ್ಳತ್ತೆ, ಸರಿ. ಆದರೆ ಒಂದು ಸಂಜೆ 98ಕ್ಕೆ ಏರಿದಾಗಲೂ ಕೂಗಿಕೊಳ್ತು. ನರ್ಸ್ ಬಂದು ಆಕ್ಸಿಜನ್ ಸ್ವಲ್ಪ ಕಡಿಮೆ ಮಾಡಿದ್ರು. "98 ಒಳ್ಳೇದಲ್ವಾ ಸಿಸ್ಟರ್?" ಅಂದೆ. "ನಮಗೆ ನಿಮಗೆ ಒಳ್ಳೇದು ಸರ್, ಇವಳಿಗಲ್ಲ. ಕಣ್ಣಿಗೆ ತೊಂದರೆ" ಅಂದು ಪಕ್ಕದ ಪೆಟ್ಟಿಗೆಗೆ ಹೋದ್ರು.

ಉಸಿರಾಡಲು ಕೊಡುವ ಗಾಳಿಗೂ ಕಣ್ಣಿಗೂ ಏನು ಸಂಬಂಧ? ಅವತ್ತು ರಾತ್ರಿ ಹುಡುಕಲು ಕೂತವನು ಹಲವು ರಾತ್ರಿ ಅದರಲ್ಲೇ ಕಳೆದೆ.

ಕಥೆ ಶುರುವಾಗೋದು ಅಮೆರಿಕದ ಬಾಸ್ಟನ್ನಿನಲ್ಲಿ. 1942ರಲ್ಲಿ ಅಲ್ಲಿನ ಕಣ್ಣಿನ ವೈದ್ಯ ಥಿಯೋಡರ್ ಟೆರಿ ಒಂದು ವಿಚಿತ್ರ ಸಂಗತಿಯನ್ನು ವರದಿ ಮಾಡಿದ್ರು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳು ಕೆಲವು ತಿಂಗಳ ನಂತರ ಕುರುಡಾಗ್ತಿದ್ದಾರೆ. ಕಣ್ಣಿನ ಮಸೂರದ ಹಿಂದೆ ಬೂದು ಬಣ್ಣದ ಪೊರೆಯಂಥದ್ದು ಬೆಳೆದಿರತ್ತೆ. ಅದಕ್ಕೆ 'ರೆಟ್ರೊಲೆಂಟಲ್ ಫೈಬ್ರೊಪ್ಲೇಸಿಯಾ' ಅಂತ ಬಾಯಿ ತಿರುಗದ ಹೆಸರಿಟ್ರು. ಈಗ ನಾವು ಆರ್‌ಒಪಿ ಅಂತೀವಲ್ಲ, ಅದೇ. ಟೆರಿ 1946ರಲ್ಲಿ ತೀರಿಕೊಂಡರು, ಕಾರಣ ಗೊತ್ತಾಗುವ ಮೊದಲೇ.

ಮುಂದಿನ ಹತ್ತು ವರ್ಷದಲ್ಲಿ ಇದು ಸಾಂಕ್ರಾಮಿಕದ ಹಾಗೆ ಹಬ್ಬಿತು. 1953ರ ಹೊತ್ತಿಗೆ ಪ್ರಪಂಚದಲ್ಲಿ ಸುಮಾರು 10,000 ಮಕ್ಕಳು ದೃಷ್ಟಿ ಕಳೆದುಕೊಂಡಿದ್ದರು ಅಂತ ಅಂದಾಜು. ನಿಮಗೆಲ್ಲಾ ಗೊತ್ತಿರುವ ಒಬ್ಬರು ಅದರಲ್ಲಿದ್ದಾರೆ: 1950ರಲ್ಲಿ ಮಿಷಿಗನ್ನಿನಲ್ಲಿ ಆರು ವಾರ ಮೊದಲೇ ಹುಟ್ಟಿದ ಗಾಯಕ ಸ್ಟೀವಿ ವಂಡರ್. ವಿಚಿತ್ರ ಏನಂದ್ರೆ, ಈ ಕಾಯಿಲೆ ಬಡ ಊರುಗಳ ಹಳೇ ಆಸ್ಪತ್ರೆಗಳಲ್ಲಿ ಅಷ್ಟಾಗಿ ಇರಲಿಲ್ಲ. ದೊಡ್ಡ ಊರಿನ, ಹೊಸ ಸಲಕರಣೆ ಇರುವ, ಒಳ್ಳೆಯ ಡಾಕ್ಟರುಗಳಿರುವ ಆಸ್ಪತ್ರೆಗಳಲ್ಲೇ ಜಾಸ್ತಿ. ಎಲ್ಲಿ ಹೆಚ್ಚು ಕಾಳಜಿಯೋ ಅಲ್ಲಿ ಹೆಚ್ಚು ಕತ್ತಲೆ.

ಅನುಮಾನಕ್ಕೆ ಕೊನೆಯೇ ಇರಲಿಲ್ಲ. ಬೆಳಕು, ವಿಟಮಿನ್, ಕಬ್ಬಿಣದ ಅಂಶ, ಹಾಲು, ಸೋಂಕು... ಹೀಗೆ ಸುಮಾರು 50 ಕಾರಣಗಳ ಮೇಲೆ ಒಂದಲ್ಲ ಒಂದು ಕಾಲಕ್ಕೆ ಬೊಟ್ಟು ಮಾಡಿದ್ರಂತೆ. ಪ್ರೊಡಕ್ಷನ್ನಿನಲ್ಲಿ ಬಗ್ ಬಂದಾಗ ನಮ್ಮ ಟೀಮಿನಲ್ಲಿ ನಡೆಯುವ ಮೀಟಿಂಗ್ ನೆನಪಾಯ್ತು. ಎಲ್ಲರ ಹತ್ತಿರವೂ ಒಂದೊಂದು ಥಿಯರಿ.

ಈ ಭಾಗದಲ್ಲಿ ನನಗೆ ಅತಿ ಹೆಚ್ಚು ಕಾಡಿದ್ದು ವಿಲಿಯಂ ಸಿಲ್ವರ್‌ಮನ್ ಅನ್ನೋ ಮಕ್ಕಳ ವೈದ್ಯರ ಕಥೆ. 1949. ನ್ಯೂಯಾರ್ಕಿನ ಬೇಬೀಸ್ ಹಾಸ್ಪಿಟಲ್‌ನಲ್ಲಿ ಅವರ ಪರಿಚಯದ ಪ್ರೊಫೆಸರ್ ಒಬ್ಬರಿಗೆ, ಹಲವು ಗರ್ಭಪಾತಗಳ ನಂತರ, ಅವಧಿಗೆ ಮುಂಚೆ ಒಂದು ಹೆಣ್ಣು ಮಗು ಹುಟ್ಟಿತ್ತು. ಅದರ ಕಣ್ಣಿನಲ್ಲಿ ಕಾಯಿಲೆಯ ಲಕ್ಷಣ ಕಾಣಿಸಿಕೊಳ್ತು. ಆಗಷ್ಟೇ ಬಂದಿದ್ದ ಎಸಿಟಿಎಚ್ ಅನ್ನೋ ಹಾರ್ಮೋನನ್ನು, ಏನಾಗತ್ತೋ ಗೊತ್ತಿಲ್ಲದೆ, ಕೊಟ್ಟು ನೋಡಿದ್ರು. ಕಣ್ಣು ಉಳೀತು! ಮುಂದೆ 31 ಮಕ್ಕಳಿಗೆ ಕೊಟ್ಟರು, 25 ಮಕ್ಕಳು ಒಳ್ಳೆಯ ಕಣ್ಣಿನೊಂದಿಗೆ ಮನೆಗೆ ಹೋದರು. ಅದೇ ಊರಿನ ಲಿಂಕನ್ ಆಸ್ಪತ್ರೆಯಲ್ಲಿ ಈ ಔಷಧಿ ಸಿಗದ 7 ಮಕ್ಕಳಲ್ಲಿ 6 ಮಕ್ಕಳು ಕುರುಡಾದರು.

ನಾನಾಗಿದ್ರೆ ಅಲ್ಲಿಗೇ ನಿಲ್ಲಿಸಿ ಸ್ವೀಟ್ ಹಂಚಿಬಿಡ್ತಿದ್ದೆ. ನೀವೂ ಅಷ್ಟೇ ಅನ್ಸತ್ತೆ. 25ಕ್ಕೆ 31 ಎಲ್ಲಿ, 1ಕ್ಕೆ 7 ಎಲ್ಲಿ! ಸಿಲ್ವರ್‌ಮನ್ ಮತ್ತವರ ಜೊತೆಗಾರರು ನಿಲ್ಲಿಸಲಿಲ್ಲ. ಎರಡೂ ಆಸ್ಪತ್ರೆಯ ಮಕ್ಕಳನ್ನು ಸೇರಿಸಿ ಸರಿಯಾದ ಪರೀಕ್ಷೆ ಮಾಡೋಣ ಅಂತ ಹೊರಟರು. ಯಾವ ಮಗುವಿಗೆ ಔಷಧಿ, ಯಾವುದಕ್ಕಿಲ್ಲ ಅನ್ನೋದನ್ನು ಡಾಕ್ಟರು ನಿರ್ಧರಿಸುವ ಹಾಗಿಲ್ಲ. ಒಂದು ಡಬ್ಬಿಯಲ್ಲಿ ಎರಡು ಬಣ್ಣದ ಗೋಲಿಗಳು. ಕೈ ಹಾಕಿ ತೆಗೆದಾಗ ಯಾವ ಬಣ್ಣದ ಗೋಲಿ ಬಂತೋ ಅದೇ ಆ ಮಗುವಿನ ಪಾಲು. ನಾವು ಚಿಕ್ಕವರಿದ್ದಾಗ ಆಡ್ತಿದ್ದ ಅದೇ ಗೋಲಿ.

ಫಲಿತಾಂಶ ಬಂದಾಗ ಎಲ್ಲರ ಎದೆ ಒಡೆದಿರಬೇಕು. ಔಷಧಿ ಕೊಟ್ಟವರಲ್ಲಿ ಸುಮಾರು ಮೂರರಲ್ಲೊಂದು ಮಗು ಕುರುಡಾಗಿತ್ತು, ಕೊಡದವರಲ್ಲಿ ಐದರಲ್ಲೊಂದು. ಜೊತೆಗೆ ಔಷಧಿ ಪಡೆದ ಮಕ್ಕಳಲ್ಲಿ ಸೋಂಕಿನಿಂದ ಸತ್ತವರೂ ಹೆಚ್ಚು. ಅಂದರೆ ಈ ಕಾಯಿಲೆ ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ವಾಸಿಯಾಗತ್ತೆ. ಇವರು ಔಷಧಿ ಕೊಟ್ಟು, ವಾಸಿಯಾಗೋದನ್ನು ನೋಡಿ, ಔಷಧಿಗೆ ಶಹಬ್ಬಾಸ್ ಹೇಳಿದ್ದರು. ಮುಂದೆ ಸಿಲ್ವರ್‌ಮನ್ 1980ರಲ್ಲಿ ಈ ಕಾಯಿಲೆಯ ಚರಿತ್ರೆಯನ್ನು ಒಂದು ಪುಸ್ತಕವಾಗಿ ಬರೆದರು, ತಮ್ಮ ತಪ್ಪುಗಳನ್ನು ಮುಚ್ಚಿಡದೆ. ವಯಸ್ಸಾದ ಮೇಲೆ 'ಅತೃಪ್ತ' ಅನ್ನೋ ಅರ್ಥದ ಗುಪ್ತನಾಮದಲ್ಲಿ ವೈದ್ಯ ಪತ್ರಿಕೆಯೊಂದಕ್ಕೆ ಅಂಕಣ ಬರೀತಿದ್ರಂತೆ. ಬ್ಲಾಗ್ ಇಲ್ಲದ ಕಾಲದ ಬ್ಲಾಗರ್ ಅನ್ನಿ :-)

ಅಸಲು ಕಾರಣದ ಸುಳಿವು ಸಿಕ್ಕಿದ್ದು ಬೇರೆ ಕಡೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮೇರಿ ಕ್ರಾಸ್ ಅನ್ನೋ ವೈದ್ಯೆ ಗಮನಿಸಿದ್ರು: 1948ರಲ್ಲಿ ಸರ್ಕಾರಿ ಆರೋಗ್ಯ ಸೇವೆ ಶುರುವಾಗಿ, ಆಕ್ಸಿಜನ್ ಸಲಕರಣೆಗೆ ಹಣ ಬಂದ ಮೇಲೆಯೇ ತಮ್ಮಲ್ಲಿ ಈ ಕುರುಡುತನ ಕಾಣಿಸಿಕೊಂಡಿದ್ದು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕೇಟ್ ಕ್ಯಾಂಪ್‌ಬೆಲ್ 1951ರಲ್ಲಿ ಮೂರು ಆಸ್ಪತ್ರೆಗಳ ಲೆಕ್ಕ ಹೋಲಿಸಿದ್ರು. ಆಕ್ಸಿಜನ್ ಧಾರಾಳವಾಗಿ ಕೊಟ್ಟ ಕಡೆ 123 ಮಕ್ಕಳಲ್ಲಿ 23 ಮಕ್ಕಳಿಗೆ ಕಾಯಿಲೆ. ಅಗತ್ಯಕ್ಕೆ ತಕ್ಕಷ್ಟು ಕೊಟ್ಟ ಕಡೆ 58ರಲ್ಲಿ 4. ಕೈ ಬಿಗಿ ಹಿಡಿದು ಖರ್ಚು ಮಾಡಿದ್ದೇ ಮಕ್ಕಳ ಕಣ್ಣು ಉಳಿಸಿತ್ತು.

ಅದು ಹೇಗೆ ಅಂದ್ರೆ, ನನಗೆ ಅರ್ಥವಾದ ಮಟ್ಟಿಗೆ ಹೇಳ್ತೀನಿ. ಹೊಟ್ಟೆಯೊಳಗಿನ ಮಗುವಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ನಾಲ್ಕನೇ ತಿಂಗಳಿಂದ ಬೆಳೆಯಲು ಶುರುವಾಗಿ, ನಡುವಿನಿಂದ ಅಂಚಿನ ಕಡೆಗೆ ನಿಧಾನಕ್ಕೆ ಹರಡ್ತಾ, ಹುಟ್ಟುವ ಹೊತ್ತಿಗೆ ಅಂಚು ಮುಟ್ಟುತ್ತವೆ. ಬೇಗ ಹುಟ್ಟಿದ ಮಗುವಿನಲ್ಲಿ ಕೆಲಸ ಅರ್ಧಕ್ಕೇ ನಿಂತಿರತ್ತೆ. ಆಗ ವಿಪರೀತ ಆಕ್ಸಿಜನ್ ಕೊಟ್ಟರೆ, 'ಸಾಕಷ್ಟು ಸಿಗ್ತಿದೆಯಲ್ಲ, ಹೊಸ ನಾಳ ಯಾಕೆ' ಅಂತ ಬೆಳವಣಿಗೆ ನಿಂತೇಹೋಗತ್ತೆ. ಕೆಲವು ವಾರಗಳಲ್ಲಿ ನಾಳವಿಲ್ಲದ ಅಂಚು ಹಸಿವಿನಿಂದ ಕೂಗಲು ಶುರು ಮಾಡತ್ತೆ. ಆಗ ಬೆಳೆಯುವ ನಾಳಗಳು ಅಡ್ಡಾದಿಡ್ಡಿ, ದುರ್ಬಲ. ಸೋರುತ್ತವೆ, ಗಾಯದ ಕಲೆ ಕಟ್ಟತ್ತೆ, ಆ ಕಲೆ ಅಕ್ಷಿಪಟಲವನ್ನೇ ಎಳೆದು ಕಿತ್ತುಬಿಡತ್ತೆ.

ಸುಳಿವು ಸಿಕ್ಕರೆ ಸಾಲದು, ಸಾಬೀತಾಗಬೇಕಲ್ಲ. ವಾಷಿಂಗ್ಟನ್ನಿನ ಗ್ಯಾಲಿಂಜರ್ ಆಸ್ಪತ್ರೆಯಲ್ಲಿ ಆರ್ನಲ್ ಪ್ಯಾಟ್ಸ್ ಅನ್ನೋ ಯುವ ಕಣ್ಣಿನ ವೈದ್ಯ ಒಂದು ಮಗುವಿಗೆ ಹೆಚ್ಚು, ಮುಂದಿನದಕ್ಕೆ ಕಡಿಮೆ ಅಂತ ಆಕ್ಸಿಜನ್ ಕೊಟ್ಟು ನೋಡಿದ್ರು. ಆಕ್ಸಿಜನ್ ಕಡಿತ ಮಾಡಿದ್ರೆ ಮಕ್ಕಳು ಸಾಯ್ತಾರೆ ಅನ್ನೋ ಭಯದಲ್ಲಿ ಸರ್ಕಾರದ ಅನುದಾನ ಸಿಗಲಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಸ್ವಂತ ಅಣ್ಣತಮ್ಮಂದಿರಲ್ಲಿ ಸಾಲ ಮಾಡಿದ್ರಂತೆ. ಇನ್ನು ರಾತ್ರಿ ಪಾಳಿಯ ನರ್ಸ್‌ಗಳು, ಡಾಕ್ಟರು ಮನೆಗೆ ಹೋದ ಮೇಲೆ, 'ಕಡಿಮೆ' ಗುಂಪಿನ ಮಕ್ಕಳಿಗೂ ಗುಟ್ಟಾಗಿ ಆಕ್ಸಿಜನ್ ಏರಿಸಿಬಿಡ್ತಿದ್ರು! ಅವರನ್ನು ಬೈಯಲು ನನಗೆ ಮನಸ್ಸು ಬರಲ್ಲ. ಕಣ್ಣೆದುರು ಮಗು ನೀಲಿಗಟ್ಟುತ್ತಿದ್ದರೆ ಯಾರು ತಾನೇ ಸುಮ್ಮನಿರ್ತಾರೆ? ಆದರೂ 1952ರಲ್ಲಿ ಬಂದ ಫಲಿತಾಂಶ ಸ್ಪಷ್ಟವಾಗಿತ್ತು. ಹೆಚ್ಚು ಆಕ್ಸಿಜನ್ ಪಡೆದ 28ರಲ್ಲಿ 7 ಮಕ್ಕಳಿಗೆ ತೀವ್ರ ಕಾಯಿಲೆ, ಕಡಿಮೆ ಪಡೆದ 37ರಲ್ಲಿ ಒಬ್ಬರಿಗೂ ಇಲ್ಲ.

1953ರ ಜುಲೈನಲ್ಲಿ 18 ಆಸ್ಪತ್ರೆಗಳು ಸೇರಿ ದೊಡ್ಡ ಪರೀಕ್ಷೆ ಶುರು ಮಾಡಿದವು, 1954ರ ಸೆಪ್ಟೆಂಬರಿನಲ್ಲಿ ಫಲಿತಾಂಶ ಬಂತು. ಆಕ್ಸಿಜನ್ನೇ ಕಾರಣ. ಎಲ್ಲಾ ಕಡೆ ಅದನ್ನು ಕಡಿತ ಮಾಡಿದ್ರು, ಶೇಕಡಾ 40 ದಾಟಬಾರದು ಅಂತ ನಿಯಮವಾಯ್ತು. ಕುರುಡುತನ ಇಳಿದೇಹೋಯ್ತು. ಪ್ಯಾಟ್ಸ್‌ಗೆ ಲಾಸ್ಕರ್ ಪ್ರಶಸ್ತಿ ಬಂತು. ಶುಭಂ.

ಅಂತ ನಾನೂ ಅಂದುಕೊಂಡು ಲ್ಯಾಪ್‌ಟಾಪ್ ಮುಚ್ಚುವವನಿದ್ದೆ. ಆದರೆ ಆ ದೊಡ್ಡ ಪರೀಕ್ಷೆಯಲ್ಲಿ ಒಂದು ಬಗ್ ಇತ್ತು. ಹುಟ್ಟಿ 48 ಗಂಟೆ ಆದ ಮೇಲಷ್ಟೇ ಮಗುವನ್ನು ಪರೀಕ್ಷೆಗೆ ಸೇರಿಸುತ್ತಿದ್ದರು. ಎರಡು ಗುಂಪಿನಲ್ಲೂ ಸಾವು ಸರಿಸುಮಾರು ಒಂದೇ, ಹಾಗಾಗಿ ಆಕ್ಸಿಜನ್ ಕಡಿಮೆ ಮಾಡಿದ್ರೆ ಜೀವಕ್ಕೆ ಅಪಾಯವಿಲ್ಲ ಅಂತ ತೀರ್ಮಾನಿಸಿದ್ರು. ಆದರೆ ಅವಧಿಪೂರ್ವ ಮಕ್ಕಳಲ್ಲಿ ಬಹುಪಾಲು ಸಾವು ಆಗುತ್ತಿದ್ದದ್ದೇ ಆ ಮೊದಲ ಎರಡು ದಿನದಲ್ಲಿ! ಆ ಮಕ್ಕಳು ಲೆಕ್ಕದಲ್ಲೇ ಇರಲಿಲ್ಲ. ಪರೀಕ್ಷೆ ಮಾಡಿದ್ದು ಬದುಕುಳಿದವರ ಮೇಲೆ, ನಿಯಮ ಜಾರಿಗೆ ತಂದಿದ್ದು ಹುಟ್ಟಿದ ಮೊದಲ ನಿಮಿಷದಿಂದ. ನಮ್ಮಲ್ಲಿ ಇಂಥ ತಪ್ಪಾದ್ರೆ ಹೆಚ್ಚೆಂದರೆ ಡ್ಯಾಶ್‌ಬೋರ್ಡ್ ಸುಳ್ಳು ಹೇಳತ್ತೆ.

ಶ್ವಾಸಕೋಶ ಬಲಿಯದ ಮಕ್ಕಳು ಆಕ್ಸಿಜನ್ ಸಾಲದೆ ಸಾಯುತ್ತಿದ್ದಾರೆ ಅನ್ನೋ ಅನುಮಾನ 1960ರಲ್ಲೇ ಬಂದಿತ್ತು. 1973ರಲ್ಲಿ ಇಂಗ್ಲೆಂಡಿನ ಕೆನೆತ್ ಕ್ರಾಸ್ ಒಂದು ಲೆಕ್ಕ ಮುಂದಿಟ್ಟರು: ಉಳಿಸಿಕೊಂಡ ಒಂದೊಂದು ಮಗುವಿನ ದೃಷ್ಟಿಗೆ ಸುಮಾರು 16 ಮಕ್ಕಳ ಜೀವ ಹೋಗಿದೆ. ಅಂದಾಜೇ ಇರಬಹುದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜಾಸ್ತಿ ಆದ್ರೆ ಕಣ್ಣು, ಕಡಿಮೆ ಆದ್ರೆ ಪ್ರಾಣ. ನಡುವೆ ಎಲ್ಲಿ ನಿಲ್ಲಬೇಕು? ಆಗ ಅಳೆಯಲು ಸಲಕರಣೆಯೂ ಸರಿಯಾಗಿರಲಿಲ್ಲ, ಮೈ ಬಣ್ಣ ನೋಡಿ ಊಹಿಸಬೇಕಿತ್ತು. ಜಪಾನಿನ ಟಕುವೊ ಅವೊಯಾಗಿ 1974ರಲ್ಲಿ ಪಲ್ಸ್ ಆಕ್ಸಿಮೀಟರಿನ ಉಪಾಯ ಕಂಡುಹಿಡಿದ ಮೇಲೆ (ಕೊರೊನಾ ಕಾಲದಲ್ಲಿ ಮನೆಮನೆಗೂ ಬಂತಲ್ಲ, ಅದೇ) ನಿಖರವಾಗಿ ಅಳೆಯಲು ದಾರಿ ಸಿಕ್ತು. ಅಮೆರಿಕದ 'ಸಪೋರ್ಟ್' ಅನ್ನೋ ಪರೀಕ್ಷೆಯಲ್ಲಿ 1,316 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಆಕ್ಸಿಜನ್ ಮಟ್ಟ 85ರಿಂದ 89, ಇನ್ನೊಂದರಲ್ಲಿ 91ರಿಂದ 95 ಇರುವಂತೆ ನೋಡಿಕೊಂಡರು. 2010ರಲ್ಲಿ ಫಲಿತಾಂಶ ಬಂತು. ಕಡಿಮೆ ಇಟ್ಟವರಲ್ಲಿ ತೀವ್ರ ಆರ್‌ಒಪಿ ಶೇಕಡಾ 8.6, ಹೆಚ್ಚು ಇಟ್ಟವರಲ್ಲಿ 17.9. ಸಾವು? ಕಡಿಮೆ ಇಟ್ಟವರಲ್ಲಿ 19.9, ಹೆಚ್ಚು ಇಟ್ಟವರಲ್ಲಿ 16.2. ತಂದೆತಾಯಿಗೆ ಈ ಅಪಾಯವನ್ನು ಸರಿಯಾಗಿ ತಿಳಿಸಿರಲಿಲ್ಲ ಅಂತ 2013ರಲ್ಲಿ ದೊಡ್ಡ ಗಲಾಟೆಯೂ ಆಯ್ತು. ಅರವತ್ತು ವರ್ಷದ ಜಗಳ ಕೊನೆಗೆ ನನ್ನ ಸೊಸೆಯ ಮಾನಿಟರಿನ ಮೇಲೆ ಎರಡು ಮಿತಿಗಳಾಗಿ ಕೂತಿತ್ತು, 90 ಮತ್ತು 95. ಸಿಸ್ಟರ್ ಬಂದು ತಿರುಗಿಸಿದ್ದು ಇದಕ್ಕೆ.

ಇಷ್ಟೆಲ್ಲಾ ಆದರೂ ಕೆಲವು ಮಕ್ಕಳಿಗೆ ಕಾಯಿಲೆ ಬಂದೇ ಬರತ್ತೆ. ಈಗಿನ ವ್ಯತ್ಯಾಸ ಏನಂದ್ರೆ ಸಮಯಕ್ಕೆ ಗೊತ್ತಾದರೆ ಲೇಸರ್ ಅಥವಾ ಇಂಜೆಕ್ಷನ್‌ನಿಂದ ತಡೆಯಬಹುದು. ನಮ್ಮ ದೇಶದಲ್ಲಿ 2 ಕೇಜಿಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ ಒಂದು ತಿಂಗಳೊಳಗೆ ಕಣ್ಣಿನ ಪರೀಕ್ಷೆ ಆಗಬೇಕು. 1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ 29ನೇ ವಾರಕ್ಕೆ ಹುಟ್ಟಿದ ಒಂದು ಮಗುವಿಗೆ ಈ ಪರೀಕ್ಷೆ ಮಾಡಲೇ ಇಲ್ಲ, ದೃಷ್ಟಿ ಹೋಯ್ತು. 2015ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಅಷ್ಟರಲ್ಲಿ ಆ ಹುಡುಗಿಗೆ ಹದಿನೆಂಟು ದಾಟಿತ್ತು.

ಜಿಲ್ಲೆಗಳಲ್ಲಿ ಇದನ್ನು ನೋಡಬಲ್ಲ ಕಣ್ಣಿನ ಡಾಕ್ಟರುಗಳು ಎಲ್ಲಿ ಸಿಗ್ತಾರೆ? ಇಲ್ಲಿ ನಮ್ಮವರ ಬಗ್ಗೆ ಹೆಮ್ಮೆಯಿಂದ ಒಂದು ಮಾತು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಮತ್ತವರ ತಂಡ 'ಕಿಡ್‌ರಾಪ್' ಅನ್ನೋ ಕಾರ್ಯಕ್ರಮ ಶುರು ಮಾಡಿದ್ರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತುಕೊಂಡು ಊರೂರಿನ ಆಸ್ಪತ್ರೆಗಳಿಗೆ ಹೋಗಿ ಎಳೆ ಮಕ್ಕಳ ಅಕ್ಷಿಪಟಲದ ಫೋಟೋ ತೆಗೀತಾರೆ. ಬೆಂಗಳೂರಿನ ಡಾಕ್ಟರು ಇಂಟರ್ನೆಟ್ ಮೂಲಕ ತಮ್ಮ ಫೋನಿನಲ್ಲೇ ನೋಡಿ ಏನು ಮಾಡಬೇಕು ಅಂತ ಹೇಳ್ತಾರೆ. ನಮ್ಮ ಇಂಡಸ್ಟ್ರಿಯವರು ಮಾಡಿದ ಎಷ್ಟೋ ಆ್ಯಪ್‌ಗಳಿಗಿಂತ ಇದು ಮೇಲು ಅಂತ ನನ್ನ ಅಭಿಪ್ರಾಯ, ನನ್ನ ಆ್ಯಪೂ ಸೇರಿ.

ಸೊಸೆಗೆ ಮೊದಲ ಪರೀಕ್ಷೆ ಆಸ್ಪತ್ರೆಯಲ್ಲೇ ಆಯ್ತು. "ನಾಳ ಇನ್ನೂ ಅಂಚು ಮುಟ್ಟಿಲ್ಲ, ಎರಡು ವಾರ ಬಿಟ್ಟು ಕರ್ಕೊಂಡು ಬನ್ನಿ" ಅಂದ್ರು. ಅಷ್ಟರಲ್ಲಿ ಡಿಸ್ಚಾರ್ಜ್ ಆಗಿ, ಅಕ್ಕ ಮಗು ಕರ್ಕೊಂಡು ತಿಪಟೂರಿಗೆ ಹೋಗಿದ್ದಾಯ್ತು. ಆ ತಾರೀಕು ಹತ್ತಿರ ಬಂದಾಗ ಅಜ್ಜಿ ಅಡ್ಡಗಾಲು ಹಾಕಿದಳು. "ಬಾಣಂತಿ ಮೂರು ತಿಂಗಳು ಹೊಸಿಲು ದಾಟಬಾರದು. ಎಳೆ ಕೂಸಿನ ಕಣ್ಣಿಗೆ ಲೈಟು ಬಿಡ್ತಾರಂತಲ್ಲ, ಏನು ಕರ್ಮವೋ!" ಅಮ್ಮನಿಗೂ ಅರ್ಧ ಮನಸ್ಸು. ಭಾವ ಊರಲ್ಲಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ನಾನೂ ಫೋನಿನಲ್ಲಿ "ಈ ವಾರ ರಿಲೀಸ್ ಇದೆ ಕಣೇ ಅಕ್ಕ, ಮುಂದಿನ ವಾರ ಹೋದ್ರಾಯ್ತು ಬಿಡು" ಅಂದಿದ್ದೆ. ಕೆನೆತ್ ಕ್ರಾಸ್ ಲೆಕ್ಕ ಓದಿದ್ದು ಅವತ್ತೇ ರಾತ್ರಿ. ಬೆಳಿಗ್ಗೆ ಮ್ಯಾನೇಜರಿಗೆ ಮೆಸೇಜ್ ಹಾಕಿ ಕಾರು ಹತ್ತಿದೆ.

ಅಜ್ಜಿಗೆ ಟೆರಿ, ಸಿಲ್ವರ್‌ಮನ್ ಎಲ್ಲಾ ಹೇಳೋಕಾಗತ್ತಾ? "ಅಜ್ಜೀ, ಕಣ್ಣಿನೊಳಗೆ ಬೇರು ಬಿಡೋ ಸಮಯ. ಸರಿಯಾಗಿ ಬಿಡ್ತಿದೆಯಾ ಅಂತ ನೋಡ್ತಾರೆ ಅಷ್ಟೇ. ಈಗ ನೋಡದಿದ್ರೆ ಆಮೇಲೆ ನೋಡಿ ಪ್ರಯೋಜನ ಇಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾನೂ ಬರ್ತೀನಿ" ಅಂದಳು. ಮಗುವನ್ನು ಎರಡು ಟವೆಲ್ಲಿನಲ್ಲಿ ಸುತ್ತಿ ದಾರಿಯುದ್ದಕ್ಕೂ ಅವಳೇ ಎತ್ತಿಕೊಂಡಿದ್ದಳು.

ಪರೀಕ್ಷೆ ನೋಡೋಕೆ ಕಷ್ಟ. ಕಣ್ಣಿಗೆ ಹನಿ ಹಾಕಿ, ರೆಪ್ಪೆ ಮುಚ್ಚದ ಹಾಗೆ ಪುಟ್ಟ ತಂತಿ ಸಿಕ್ಕಿಸ್ತಾರೆ. ಕಿರುಚಿದ ಸದ್ದು ಕಾರಿಡಾರಿನವರೆಗೂ ಕೇಳಿಸ್ತು. ಆಮೇಲೆ ಡಾಕ್ಟರು ಪರದೆ ಮೇಲೆ ಚಿತ್ರ ತೋರಿಸಿದ್ರು, ಕಿತ್ತಳೆ ಬಣ್ಣದ ಆಕಾಶದಲ್ಲಿ ಕೆಂಪು ಬಳ್ಳಿಗಳು. "ಇಲ್ಲೊಂಚೂರು ಬಾಕಿ ಇದೆ. ಚೆನ್ನಾಗೇ ಬೆಳೀತಿದೆ. ಇನ್ನೆರಡು ವಾರಕ್ಕೆ ಮತ್ತೆ ಬನ್ನಿ" ಅಂದ್ರು.

ಮುಂದಿನ ತಾರೀಕು ಬರೋ ಗುರುವಾರ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಏಕಾದಶಿ, ಹಾಲಿನ ಲೆಕ್ಕದ ನಡುವೆ ಅಜ್ಜಿ ಅದಕ್ಕೊಂದು ಸುತ್ತು ಹಾಕಿಸಿದ್ದಾಳೆ.