ಹೇಮಗುಡ್ಡವೂ ಸಾರ್ವಭೌಮತ್ವದ ಕಲ್ಪನೆಯೂ

ಗಂಗಾವತಿಗೆ ಸಮೀಪದ ಹೇಮಗುಡ್ಡದ ಕೋಟೆಯು ಕಂಪಿಲರಾಯನ ಹಾಗೂ ಆತನ ಮಗ ಕುಮಾರರಾಮನ ಹೆಸರಿನೊಡನೆ ಬೆರೆತುಹೋಗಿದೆ. ಕುಮಾರರಾಮನ ಪರಾಕ್ರಮವನ್ನು ಹಾಡಿ ಕೊಂಡಾಡುವ ಜನರು, ಆ ಚಿಕ್ಕ ರಾಜ್ಯವನ್ನು ನುಂಗಿದ ಕಲಹದ ಮೂಲದಲ್ಲಿ ಎರಡು ರಾಜಧರ್ಮಗಳ ಘರ್ಷಣೆಯಿತ್ತೆಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ.

ದಿಲ್ಲಿಯ ಸುಲ್ತಾನ ಮಹಮ್ಮದ ಬಿನ್ ತುಘಲಕನ ಸೋದರಸಂಬಂಧಿಯಾದ ಬಹಾವುದ್ದೀನ ಗುರ್ಶಾಸ್ಪನು ಸಗರದಲ್ಲಿ ದಂಗೆಯೆದ್ದು, ಸೋತು, ಕಂಪಿಲನ ಮೊರೆಹೊಕ್ಕನು. ಸುಲ್ತಾನನಿಗೆ ಆತನು ರಾಜದ್ರೋಹಿ, ಕಂಪಿಲನಿಗೆ ಶರಣಾಗತ. ಒಪ್ಪಿಸಿದ್ದರೆ ರಾಜ್ಯವುಳಿಯುತ್ತಿತ್ತೇನೋ! ಕಂಪಿಲನು ಒಪ್ಪಿಸಲಿಲ್ಲ. ಕೋಟೆಯಲ್ಲಿ ಧಾನ್ಯವು ತೀರುತ್ತ ಬಂದಾಗ ಅತಿಥಿಯನ್ನು ನೆರೆಯ ಅರಸನ ಬಳಿಗೆ ಕಳುಹಿಸಿ, ಸ್ತ್ರೀಯರು ಅಗ್ನಿಪ್ರವೇಶ ಮಾಡಲಾಗಿ, ತಾನು ಹೋರಾಡಿ ಮಡಿದನೆಂದು ಇಬ್ನ್ ಬತೂತನು ಬರೆದಿದ್ದಾನೆ. ಇದು ಕ್ರಿ. ಶ. 1327ರ ಮಾತು. ನೆರೆಯ ಅರಸನಾದ ಹೊಯ್ಸಳ ಮೂರನೆಯ ಬಲ್ಲಾಳನಾದರೋ ಆ ಶರಣಾಗತನನ್ನು ಸುಲ್ತಾನನ ವಶಕ್ಕೆ ಕೊಟ್ಟುಬಿಟ್ಟನು.

ಅಂತಹ ಸುಲ್ತಾನನಿಗೂ ಸ್ವಂತ ಖಡ್ಗವೊಂದೇ ಸಾಲದಾಯಿತು. 1344ರ ಸುಮಾರಿಗೆ ಕೈರೋ ನಗರದ ಅಬ್ಬಾಸೀ ಖಲೀಫನಿಂದ ಅಧಿಕಾರಪತ್ರವನ್ನು ತರಿಸಿಕೊಂಡು, ನಾಣ್ಯಗಳ ಮೇಲೆ ತನ್ನ ಹೆಸರಿಗೆ ಬದಲಾಗಿ ಖಲೀಫನ ಹೆಸರನ್ನು ಅಚ್ಚೊತ್ತಿಸಿದನು. ಯುರೋಪಖಂಡದಲ್ಲಿ ಶಾರ್ಲಮೇನ ದೊರೆಯೂ 800ರಲ್ಲಿ ರೋಮಿಗೆ ಹೋಗಿ, ಪೋಪನ ಕೈಯಿಂದಲೇ ಸಾಮ್ರಾಟನ ಕಿರೀಟವನ್ನು ಧರಿಸಿದ್ದನು.

ಹೇಮಗುಡ್ಡಕ್ಕೆ ದೂರವಲ್ಲದ ಹಂಪೆಯಲ್ಲಿ ಮುಂದೆ ತಲೆಯೆತ್ತಿದ ವಿಜಯನಗರದ ಅರಸರ ರೀತಿಯು ಬೇರೆ. ಅವರು ಸುಲ್ತಾನನ ಪದವಿಯನ್ನೇ ತೆಗೆದುಕೊಂಡು 'ಹಿಂದೂರಾಯ ಸುರತ್ರಾಣ'ರೆನಿಸಿಕೊಂಡರು. ಆದರೆ ತಾಮ್ರಶಾಸನಗಳು ನಾಗರಿ ಲಿಪಿಯ ಸಂಸ್ಕೃತದಲ್ಲಿದ್ದರೂ, ಅವುಗಳ ಕೊನೆಗೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರುವ ಅಂಕಿತವು ಅರಸನ ಹೆಸರಲ್ಲ, 'ಶ್ರೀ ವಿರೂಪಾಕ್ಷ'.